ಬೊಟ್ಟಿನ ನಕ್ಷೆ, ಇಲಿ ತಿಂದ ಚರಿತ್ರೆ: ಸಭೆಯ ಕೆಲಸ ಎಲ್ಲಿಗೆ ಬಂತು

ಜನವರಿ

ಕೋಲಾರದ ನಮ್ಮ ಮೆಥಡಿಸ್ಟ್ ಚರ್ಚಿನ ಕಮಿಟಿ ಮೀಟಿಂಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಈ ಕೆಲಸ ನನ್ನ ತಲೆಗೆ ಬರುತ್ತಿರಲಿಲ್ಲ. ಅವತ್ತು ಇದ್ದದ್ದು ಒಂದೇ ವಿಷಯ. ದೇವಾಲಯದ ಹೆಂಚು ಸೋರುತ್ತಿದೆ. ರಿಪೇರಿ ಮಾಡಿಸೋದಾ, ಇಲ್ಲಾ ಪೂರ್ತಿ ಕೆಡವಿ ದೊಡ್ಡದಾಗಿ ಕಟ್ಟೋದಾ? ಎರಡು ಗಂಟೆ ಮಾತು ನಡೆಯಿತು. ಮಾತಾಡಿದ್ದು ನಾಲ್ಕೇ ಜನ, ಯಾವಾಗಲೂ ಮಾತಾಡುವ ಅದೇ ನಾಲ್ಕು ಜನ. "ದೊಡ್ಡದಾಗಿ ಕಟ್ಟಿದ್ರೆ ಅದರಲ್ಲಿ ಕೂರೋರು ಯಾರು?" ಅಂತ ಕೇಳಿದೆ. ಪಾಸ್ಟರ್ ಅಯ್ಯನವರು ನಕ್ಕು, "ನೀವೇ ಸಭೆಯವರನ್ನೆಲ್ಲಾ ಕೇಳ್ಕೊಂಡು ಬನ್ನಿ ಮೇಷ್ಟ್ರೇ" ಅಂದುಬಿಟ್ಟರು. ಸಭೆ ಅಂದರೆ ನಮ್ಮಲ್ಲಿ ಚರ್ಚಿನ ಜನ.

ನಾನು ಕೋಲಾರದಲ್ಲೇ ಸಮಾಜ ಪಾಠ ಹೇಳುವವನು. ಜೊತೆಗೆ ಹಳೇ ಪುಸ್ತಕ ಬೈಂಡ್ ಮಾಡುವ ಹುಚ್ಚು. ಹಾಗಾಗಿ ನನಗೆ ಹೊಳೆದದ್ದು ನನ್ನ ಕೈಗೆ ಬರುವ ಎರಡು ಕೆಲಸ: ಉದ್ದನೆಯ ಕಾಗದದ ಮೇಲೆ ಸಭೆಯ ಇತಿಹಾಸ, ಅದರ ಪಕ್ಕ ಒಂದು ನಕ್ಷೆ. ಪ್ರಶ್ನಾವಳಿ ಪ್ರಿಂಟ್ ಮಾಡಿ ಹಂಚಿ ಅಂತ ಒಬ್ಬರು ಹೇಳಿದರು. ಅದಕ್ಕೂ ಅದೇ ನಾಲ್ಕು ಜನ ಉತ್ತರ ಬರೆಯುತ್ತಾರೆ ಅಂತ ಬಿಟ್ಟೆ.

ಫೆಬ್ರವರಿ

ಬ್ರೌನ್ ಪೇಪರ್ ಹಾಳೆಗಳನ್ನು ಜೋಡಿಸಿ ಇಪ್ಪತ್ತು ಅಡಿಯ ಪಟ್ಟಿ ಮಾಡಿದೆ. ಮನೆಯಲ್ಲೇ ಕಾಯಿಸಿದ ಮೈದಾ ಅಂಟು. ಸಂಡೇ ಸ್ಕೂಲ್ ಕೋಣೆಯ ಗೋಡೆಗೆ ಹಚ್ಚಿ, ದಪ್ಪ ಮಾರ್ಕರಿನಲ್ಲಿ ಇಸವಿ ಬರೆದೆ. ಶುರು 1876, ಧಾತು ಈಶ್ವರ ಸಂವತ್ಸರಗಳ ಬರ. ಆಗ ಅನಾಥರಾದ ಮಕ್ಕಳನ್ನು ಕೋಲಾರದಲ್ಲಿ ಸಾಕಿದವರು ಮಿಷನರಿ ಮಿಸ್ ಆನ್‌ಸ್ಟಿ. 1890ರಲ್ಲಿ ಆ ಕೆಲಸ ಅಮೆರಿಕದ ಮೆಥಡಿಸ್ಟರ ಕೈಗೆ ಬಂತು. 1910ಕ್ಕೆ ಅದೇ ಮಿಷನ್ನಿನ ಇ.ಟಿ.ಸಿ.ಎಂ. (ಎಲೆನ್ ಥೋಬರ್ನ್ ಕೋವೆನ್ ಮೆಮೋರಿಯಲ್) ಆಸ್ಪತ್ರೆ. 1947ರ ಸೆಪ್ಟೆಂಬರ್ 27ರಂದು ಹಲವು ಪ್ರೊಟೆಸ್ಟೆಂಟ್ ಚರ್ಚುಗಳು ಒಂದಾಗಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಹುಟ್ಟಿದಾಗ ತುಮಕೂರು ಕಡೆಯ ವೆಸ್ಲಿ ಮಿಷನ್ನಿನವರು ಅದಕ್ಕೆ ಸೇರಿದರು, ನಾವು ಸೇರಲಿಲ್ಲ. ಅವರೂ ಮೆಥಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯ ಕಡೆಯವರೇ, ನಾವೂ ಅಷ್ಟೇ. ಅವರು ಇಂಗ್ಲೆಂಡಿನಿಂದ ಬಂದ ಮಿಷನ್ನಿನವರು, ನಾವು ಅಮೆರಿಕದಿಂದ ಬಂದದ್ದಕ್ಕೆ ಸೇರಿದವರು. ಹೆಣ್ಣು ಕೊಟ್ಟು ತರುವಾಗ ಮಾತ್ರ ಯಾರಿಗೂ ಇದು ನೆನಪಾಗುವುದಿಲ್ಲ. 1981ರಲ್ಲಿ ನಮ್ಮದು ಸ್ವತಂತ್ರವಾಗಿ ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ ಆಯಿತು.

ಇಸವಿಗಳ ಮಧ್ಯೆ ಜಾಗ ಖಾಲಿ ಬಿಟ್ಟಿದ್ದೆ, ಸಭೆಯವರು ತುಂಬಲಿ ಅಂತ.

ಮುಂದಿನ ಭಾನುವಾರ ಬಾಗಿಲು ತೆಗೆದರೆ ಪಟ್ಟಿ ನಡುವೆ ಹರಿದು ನೇತಾಡುತ್ತಿತ್ತು. ಇಲಿ. 1947ರಿಂದ 1981ರವರೆಗಿನ ನಮ್ಮ ಚರಿತ್ರೆ ಪೂರ್ತಿ ಅದರ ಹೊಟ್ಟೆಗೆ. ತಪ್ಪು ನನ್ನದೇ. ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಬೇಕು ಅಂತ ಬೈಂಡಿಂಗ್ ಕಲಿಯುವಾಗ ಮೊದಲು ಹೇಳಿಕೊಡುತ್ತಾರೆ. ಅದು ವಿಷ, ಮಕ್ಕಳು ಓಡಾಡುವ ಕೋಣೆ ಅಂತ ಬಿಟ್ಟಿದ್ದೆ. ಹಿರಿಯರೊಬ್ಬರು ಬಂದು ನೋಡಿ, "ಬಿಡಪ್ಪಾ, ಆ ವರ್ಷಗಳಲ್ಲಿ ನಾವು ಕಿಸಿದದ್ದೂ ಅಷ್ಟರಲ್ಲೇ ಇತ್ತು" ಅಂದರು. ಎರಡನೇ ಪಟ್ಟಿಯನ್ನು ಸೆಲ್ಲೋಟೇಪಿನಲ್ಲೇ ಮಾಡಿದೆ. ನೋಡೋಕೆ ಚೆನ್ನಾಗಿಲ್ಲ, ಇಲಿ ಮುಟ್ಟಿಲ್ಲ.

ಮಾರ್ಚ್

ಆರಾಧನೆ ಮುಗಿದ ಮೇಲೆ ಟೀ ಹೊತ್ತಿನಲ್ಲಿ ಒಂದೇ ಪ್ರಶ್ನೆ ಕೇಳಿದೆ: "ಈ ಸಭೆ ನಿಮ್ಮ ಕೈ ಹಿಡಿದದ್ದು ಯಾವಾಗ?" ಸಭೆ ಹೇಗಿರಬೇಕು ಅಂತ ಕೇಳಿದ್ದರೆ ಪ್ರಸಂಗ (ಪಾಸ್ಟರ್ ಮಾಡುವಂಥ ಉಪದೇಶ) ಶುರುವಾಗುತ್ತಿತ್ತು. ಇದಕ್ಕೆ ಜನ ಕತೆ ಹೇಳಿದರು.

ಒಬ್ಬ ಅಕ್ಕ ಸೀದಾ 2001ರ ಹತ್ತಿರ ಹೋಗಿ ನಿಂತರು. ಆ ವರ್ಷ ಫೆಬ್ರವರಿ 28ಕ್ಕೆ ಕೆಜಿಎಫ್ ಚಿನ್ನದ ಗಣಿ ಮುಚ್ಚಿತು. ಅವರ ಯಜಮಾನರು ಗಣಿ ಕೆಲಸದವರು. ಮನೆ ಮಾತು ತಮಿಳು, ಕನ್ನಡ ಓದೋಕೆ ಬರುತ್ತಿರಲಿಲ್ಲ. ಇಲ್ಲಿಗೆ ಬಂದ ಮೊದಲ ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತಿದ್ದರಂತೆ. ಪಕ್ಕದ ಅಜ್ಜಿ ಕೀರ್ತನೆ ಪುಸ್ತಕ ಇಬ್ಬರ ನಡುವೆ ಹಿಡಿದು, ಒಂದೊಂದು ಸಾಲಿಗೂ ಬೆರಳು ಇಟ್ಟು ತೋರಿಸುತ್ತಾ ಹೋದರಂತೆ. "ರಾಗ ನಮ್ದೇ ಇತ್ತು ಮೇಷ್ಟ್ರೇ. ಅಜ್ಜಿ ಕನ್ನಡದಲ್ಲಿ ಹಾಡಿದ್ರು, ನಾನು ಮೆಲ್ಲಗೆ ತಮಿಳಲ್ಲಿ ಹಾಡ್ದೆ. ಓದೋಕೆ ಬರಲ್ಲ ಅಂತ ಅವರಿಗೆ ಹೇಳಲೇ ಇಲ್ಲ." ಆ ಅಜ್ಜಿ ಈಗಿಲ್ಲ. ಪಟ್ಟಿಯಲ್ಲಿ ಆ ಜಾಗಕ್ಕೆ ಅಕ್ಕ ಬರೆದದ್ದು ಒಂದೇ ಪದ: ಬೆರಳು.

2020ರ ಲಾಕ್‌ಡೌನ್ ಹತ್ತಿರ ಜಾಗವೇ ಸಾಲಲಿಲ್ಲ. ಅಕ್ಕಿ ಮೂಟೆ, ಗೇಟಿನ ಹತ್ತಿರ ಯಾರೋ ಇಟ್ಟು ಹೋದ ಟೊಮೆಟೊ, ಮೊಬೈಲಿನಲ್ಲಿ ನಡೆದ ಸಮಾಧಿ ಆರಾಧನೆ. ಇಪ್ಪತ್ತು ಅಡಿಯಲ್ಲಿ ಒಬ್ಬರೂ ಕಟ್ಟಡದ ಬಗ್ಗೆ ಬರೆಯಲಿಲ್ಲ. ಇದನ್ನು ಕಮಿಟಿಗೆ ಇನ್ನೂ ಹೇಳಿರಲಿಲ್ಲ.

ಏಪ್ರಿಲ್

ನಕ್ಷೆ. ಶಾಲೆಯ ಅಟ್ಟದಲ್ಲಿ 2007ಕ್ಕಿಂತ ಹಿಂದಿನ ಕೋಲಾರ ಜಿಲ್ಲೆಯ ನಕ್ಷೆ ಸಿಕ್ಕಿತು. ಚಿಕ್ಕಬಳ್ಳಾಪುರ ಬೇರೆಯಾಗುವ ಮುಂಚಿನದು, ಆ ಭಾಗವನ್ನು ಹಿಂದಕ್ಕೆ ಮಡಚಿದೆ. ಮನೆ ಗುರುತು ಹಾಕೋಕೆ ಏನು ಬಳಸೋದು? ಗುಂಡುಪಿನ್ನು ಮಕ್ಕಳ ಕೈಗೆ ಬೇಡ. ಬಳೆ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಒಂದು ಪ್ಯಾಕೆಟ್ ಬೊಟ್ಟು ಸಿಗುತ್ತದೆ, ಹಿಂದೆ ಅಂಟು ಇರುತ್ತದೆ, ಅಳತೆಯೂ ಸರಿ. ಕೆಂಪು, ಹಸಿರು ಎರಡೂ ತಂದೆ. ನಮ್ಮ ದೇವಾಲಯದಲ್ಲಿ ಬೊಟ್ಟಿನ ಪ್ಯಾಕೆಟ್ ಹಂಚಿದ ಮೊದಲ ಮನುಷ್ಯ ನಾನೇ ಇರಬೇಕು. "ಏನಪ್ಪಾ ಇದು ಅನ್ಯಾಯ" ಅಂತ ಒಬ್ಬ ಅಜ್ಜಿ ಮುಖ ತಿರುಗಿಸಿದರು. ಮೊಮ್ಮಗಳು ಕೈ ಹಿಡಿದು ಕರೆತಂದ ಮೇಲೆ ಅವರೇ ಮೂರು ಮನೆಗೆ ಅಂಟಿಸಿದರು.

ಹತ್ತು ವರ್ಷದ ಹಿಂದೆ ಇದ್ದ ಮನೆಗೆ ಕೆಂಪು, ಈಗಿನದಕ್ಕೆ ಹಸಿರು. ಕೆಂಪು ಪೂರ್ತಿ ಟೌನಿನೊಳಗೆ, ನಡೆದು ಬರುವಷ್ಟು ದೂರದಲ್ಲಿ. ಹಸಿರು ವೇಮಗಲ್, ನರಸಾಪುರದ ಕಡೆ ಹರಡಿತ್ತು. ಹೊಸಕೋಟೆ, ಕೆ.ಆರ್. ಪುರದವರಿಗೆ ನಕ್ಷೆಯಲ್ಲಿ ಜಾಗವೇ ಇರಲಿಲ್ಲ. ಅವರು ಪಶ್ಚಿಮದ ಅಂಚು ದಾಟಿ ಬರೀ ಸುಣ್ಣದ ಗೋಡೆಗೆ ಅಂಟಿಸಿದರು. ಗೋಡೆ ಮೇಲೇ ಹದಿನಾಲ್ಕು ಬೊಟ್ಟು.

ಯೌವನಸ್ಥರು ಚರ್ಚಿಗೆ ಬರ್ತಿಲ್ಲ, ಮೊಬೈಲ್ ಹಿಡಿದು ಹಾಳಾದರು ಅಂತ ನಾವು ವರ್ಷಗಟ್ಟಲೆ ಗೊಣಗಿದ್ದೇವೆ. ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಹುಡುಗಿಯನ್ನು ಕೇಳಿದೆ. ನೈಟ್ ಶಿಫ್ಟ್ ಮುಗಿಸಿ ಭಾನುವಾರ ಬೆಳಿಗ್ಗೆ ರೂಮಿಗೆ ಬರುತ್ತಾಳೆ. ಒಂಬತ್ತು ಗಂಟೆ ಆರಾಧನೆಗೆ ಬಸ್ ಹತ್ತಬೇಕಾದರೆ ನಿದ್ದೆ ಬಿಡಬೇಕು. "ಬರ್ಬೇಕು ಅನ್ಸತ್ತೆ ಸರ್. ಬಂದ್ರೆ ಪ್ರಸಂಗದಲ್ಲಿ ತೂಕಡಿಸ್ತೀನಿ, ಆಮೇಲೆ ಆಂಟಿಯರು ಬೈತಾರೆ."

ಜೂನ್

ಹೆಚ್ಚು ಜನ ಕೂತ ಮೀಟಿಂಗ್ ಇದೇ. ಜಗಳವೂ ಇದರಲ್ಲೇ. ಕಟ್ಟಡದ ಮಾತು ಅರ್ಧ ಗಂಟೆಯಲ್ಲಿ ಮುಗಿಯಿತು, ನಕ್ಷೆ ನೋಡಿದ ಮೇಲೆ ಕೆಡವುವ ಮಾತು ಯಾರೂ ಎತ್ತಲಿಲ್ಲ. ಹೆಂಚು ಬದಲಾಯಿಸುವುದು, ಅಷ್ಟೇ.

ಜಗಳ ಆದದ್ದು ಭಾಷೆಗೆ. ಅನಿಸಿದ್ದು ಬರೆದು ಹಾಕಲಿ ಅಂತ ಇಟ್ಟಿದ್ದ ಚೀಟಿ ಡಬ್ಬದಲ್ಲಿ ಕನ್ನಡ ಅಕ್ಷರದಲ್ಲಿ ಬರೆದ ತೆಲುಗು ಚೀಟಿಯೊಂದಿತ್ತು: 'ಪ್ರಸಂಗಂ ಸಗಮೇ ಅರ್ಥಮೌತುಂದಿ.' ಅರ್ಧ ಮಾತ್ರ ಅರ್ಥವಾಗುತ್ತದೆ ಅಂತ. ಕೋಲಾರದಲ್ಲಿ ಇದೇನು ಹೊಸದಲ್ಲ, ಅಂಗಡಿಯಲ್ಲಿ ಒಂದು ಮಾತು, ಅಡುಗೆ ಮನೆಯಲ್ಲಿ ಇನ್ನೊಂದು. ಆದರೂ ಓದಿ ಹೇಳಿದಾಗ ಎಲ್ಲರೂ ಗಪ್‌ಚಿಪ್. ಆಮೇಲೆ ಒಬ್ಬರು ಎದ್ದು, "ಇದು ಕನ್ನಡ ಸಭೆ. ಒಂದು ಸಲ ಬಿರುಕು ಬಿಟ್ಟರೆ ಮೂರು ಭಾಗ ಆಗುತ್ತೆ" ಅಂದರು. ಅವರ ಭಯ ಸುಳ್ಳಲ್ಲ. ನನಗೂ ಕನ್ನಡ ಬಿಟ್ಟು ಇನ್ನೊಂದರಲ್ಲಿ ಪ್ರಾರ್ಥನೆ ಬರುವುದಿಲ್ಲ. ಆಗ ಬೆರಳಿನ ಕತೆಯ ಅಕ್ಕ ಪಟ್ಟಿ ಕಡೆ ಕೈ ತೋರಿಸಿ, "ನಾನು ಇಪ್ಪತ್ತು ವರ್ಷದ ಮೇಲಿಂದ ಎರಡು ಭಾಷೇಲಿ ಹಾಡ್ತಾ ಇದೀನಿ, ಏನು ಬಿರುಕು ಬಿಟ್ಟಿದೆ?" ಅಂತ ಕೇಳಿದರು. ವೋಟು ಹಾಕಲಿಲ್ಲ. ನರಸಾಪುರದ ಕಡೆಯವರಿಗೆ ಅಲ್ಲೇ ಎರಡು ಭಾಷೆಯ ಕೂಟ ಒಂದನ್ನು ಮೂರು ತಿಂಗಳು ಮಾಡಿ ನೋಡೋಣ ಅಂತಾಯಿತು.

ಆಗಸ್ಟ್

ತಿಂಗಳ ಎರಡನೇ ಶನಿವಾರ ಸಂಜೆ ನರಸಾಪುರದ ಒಂದು ಮನೆ ಮಹಡಿಯಲ್ಲಿ ಕೂಟ. ಎರಡು ಆಗಿವೆ. ಹಾಡು ಯಾವ ಭಾಷೆಯಲ್ಲಾದರೂ, ಸತ್ಯವೇದದ (ಬೈಬಲ್) ಪಾಠ ಕನ್ನಡ ಮತ್ತು ತೆಲುಗು ಎರಡರಲ್ಲೂ. ಪೀಠಕ್ಕೆ ಎರಡು ಟೊಮೆಟೊ ಕ್ರೇಟ್ ಕವುಚಿ ಹಾಕಿ ಮೇಲೆ ಬೆಡ್‌ಶೀಟ್. ಮೊದಲ ಸಲ 23 ಜನ, ಅದರಲ್ಲಿ 11 ಮುಖ ನಾನು ನೋಡೇ ಇರಲಿಲ್ಲ. ಎರಡನೇ ಸಲ ಮಳೆ, ಒಂಬತ್ತೇ ಜನ. ಭಾನುವಾರದ ಸಮಯ ಮಾತ್ರ ಒಂಬತ್ತಕ್ಕೇ ಇದೆ. ಅದನ್ನು ಅಲ್ಲಾಡಿಸೋಕೆ ಯಾರಿಗೂ ಧೈರ್ಯ ಬಂದಿಲ್ಲ.

ಅಯ್ಯನವರಿಗೆ ವರ್ಗ ಆಗಬಹುದು ಅನ್ನುವ ಮಾತಿದೆ. ನಮ್ಮಲ್ಲಿ ಪಾಸ್ಟರುಗಳನ್ನು ಎಲ್ಲಿಗೆ ಕಳಿಸೋದು ಅಂತ ವಾರ್ಷಿಕ ಕಾನ್ಫರೆನ್ಸಿನಲ್ಲಿ ಬಿಷಪ್ಪರು ಓದುತ್ತಾರೆ. ಹೊಸಬರು ಬಂದರೆ ಮತ್ತೆ ಹೆಂಚಿನಿಂದಲೇ ಶುರುವಾಗಬಾರದಲ್ವಾ? ಅದಕ್ಕೇ ಪಟ್ಟಿಯನ್ನು ಮಡಚಿ, ನಕ್ಷೆಯ ಫೋಟೋ, ಚೀಟಿಗಳ ಜೊತೆ ಎರಡು ಪ್ರತಿ ಬೈಂಡ್ ಮಾಡುತ್ತಿದ್ದೇನೆ. ಈ ಸಲ ಅಂಟಿಗೆ ಮೈಲುತುತ್ತ ಹಾಕಿದ್ದೇನೆ. ಇನ್ನೂ ಇಬ್ಬರ ಚೀಟಿ ಬರಬೇಕು. ಅದರಲ್ಲಿ ಒಬ್ಬಳು ನನ್ನ ಮಗಳು.