ಎದೆ ಎತ್ತಿಸೋ ಆಪರೇಷನ್ ಮಾಡಿಸಬಹುದಾ, ಅಕ್ಕಾ?

ಹುಬ್ಬಳ್ಳಿಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಈಗ ಶಿರಸಿ ಹತ್ತಿರ ನಮ್ಮೂರಲ್ಲಿದ್ದೇನೆ. ಅಡಿಕೆ ಸುಲಿಯುವ ಕಾಲ ಬಂತೆಂದರೆ ಸಾಕು, ಮೆಟ್ಟುಗತ್ತಿ ಮುಂದೆ ಕೂತ ಯಾರಾದರೊಬ್ಬರು ದನಿ ತಗ್ಗಿಸಿ ಕೇಳುತ್ತಾರೆ: "ಅಕ್ಕಾ, ಎರಡು ಮಕ್ಕಳಿಗೆ ಹಾಲು ಕುಡಿಸಿ ಎದೆ ಜೋತುಬಿದ್ದಿದೆ. ಎತ್ತಿಸೋ ಆಪರೇಷನ್ ಇದೆಯಂತಲ್ಲ, ಮಾಡಿಸಬಹುದಾ?"

ಮೊದಲು ಹಾಲಿನ ಮೇಲಿನ ಅಪವಾದ ತೆಗೆಯೋಣ. ಎದೆ ಇಳಿಯುವುದು ಬಸುರಿನಲ್ಲಿ ಚರ್ಮ ಹಿಗ್ಗಿ ಕುಗ್ಗುವುದರಿಂದ, ವಯಸ್ಸಿನಿಂದ, ತೂಕ ಏರಿಳಿಯುವುದರಿಂದ. ಹಾಲು ಕುಡಿಸಿದ್ದಕ್ಕಲ್ಲ. ಈ ವಿಷಯಕ್ಕೆ ನಾನು ಎಷ್ಟೋ ಅಜ್ಜಿಯರ ಜೊತೆ ಜಗಳ ಆಡಿದ್ದೇನೆ.

ಆಪರೇಷನ್ನಲ್ಲಿ ಸಡಿಲಾದ ಚರ್ಮ ತೆಗೆದು, ಒಳಗಿನ ಭಾಗಕ್ಕೆ ಆಕಾರ ಕೊಟ್ಟು, ತೊಟ್ಟನ್ನು ಮೇಲಕ್ಕೆ ಕೂರಿಸುತ್ತಾರೆ. ದೊಗಲೆ ಬ್ಲೌಸಿಗೆ ಟಕ್ಸ್ ಹಿಡಿದ ಹಾಗೆ. ಆದರೆ ಬ್ಲೌಸಿನ ಹೊಲಿಗೆ ಒಳಗೆ ಅಡಗುತ್ತದೆ, ಮೈಮೇಲಿನದು ಅಡಗುವುದಿಲ್ಲ. ಡಾಕ್ಟರು ಮೊದಲು ಎದೆಯ ಕೆಳಗಿನ ಮಡಿಕೆ ನೋಡುತ್ತಾರೆ. ತೊಟ್ಟು ಅದರ ಮಟ್ಟಕ್ಕಿದೆಯೋ, ಇನ್ನೂ ಕೆಳಗಿದೆಯೋ ಅಂತ. ಸ್ವಲ್ಪ ಇಳಿದಿದ್ದರೆ ತೊಟ್ಟಿನ ಸುತ್ತ ಒಂದು ಉಂಗುರದಂಥ ಗಾಯ ಸಾಕು. ಇನ್ನೂ ಇಳಿದಿದ್ದರೆ ಅಲ್ಲಿಂದ ಕೆಳಕ್ಕೊಂದು ಗೆರೆ. ತೀರಾ ಜೋತಿದ್ದರೆ ಮಡಿಕೆಯ ಉದ್ದಕ್ಕೂ ಮತ್ತೊಂದು, ದೋಣಿಯ ಲಂಗರಿನ ಆಕಾರ. ವರ್ಷ ಕಳೆದರೆ ಕಲೆ ಮಾಸುತ್ತದೆ, ಪೂರ್ತಿ ಹೋಗುವುದಿಲ್ಲ. ಗಾತ್ರವೂ ಜಾಸ್ತಿ ಬೇಕು ಅಂದರೆ ಇಂಪ್ಲಾಂಟ್, ಅಂದರೆ ಎದೆಯೊಳಗೆ ಕೂರಿಸುವ ಸಿಲಿಕೋನ್ ಚೀಲ, ಇಡಬೇಕು. ಅದಕ್ಕೆ ಮುಂದೊಂದು ದಿನ ಇನ್ನೊಂದು ಆಪರೇಷನ್ ಬೇಕಾಗಬಹುದು.

ಕ್ರೀಮ್? ಸುಮ್ನೆ ದುಡ್ಡು ದಂಡ.

ಇನ್ನೊಂದು ಮಗು ಬೇಕಿದ್ದರೆ ಈಗ ಬೇಡ. ಮತ್ತೆ ಬಸುರಾದರೆ ಎದೆ ಮತ್ತೆ ಇಳಿಯಬಹುದು, ಹಾಲು ಕುಡಿಸುವುದೂ ಕಷ್ಟವಾಗಬಹುದು. ತೊಟ್ಟಿನ ಸ್ಪರ್ಶ ಕೆಲವರಿಗೆ ಮಂಕಾಗುತ್ತದೆ, ಅಪರೂಪಕ್ಕೆ ಹಾಗೆಯೇ ಉಳಿದುಬಿಡುತ್ತದೆ. ಇದನ್ನು ಗಂಡನಿಗಿಂತ ಮೊದಲು ನೀವು ಯೋಚಿಸಿ. ಗಂಟೇನಾದರೂ ಕೈಗೆ ಸಿಕ್ಕಿದರೆ ಅಂದದ ಮಾತು ಆಮೇಲೆ, ಮೊದಲು ಅದರ ತಪಾಸಣೆ.

ಅಂದಕ್ಕೆ ಮಾಡಿಸುವ ಆಪರೇಷನ್ ಆದ್ದರಿಂದ ಆರೋಗ್ಯ ವಿಮೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಸರ್ಜನ್ ಬೋರ್ಡಿನಲ್ಲಿ 'ಕಾಸ್ಮೆಟಿಕ್' ಅಂತ ಬರೆದಿದ್ದರೆ ಸಾಲದು, ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂ.ಸಿಎಚ್. ಅಥವಾ ಡಿ.ಎನ್.ಬಿ. (ಈಗ ಡಿಆರ್.ಎನ್.ಬಿ.) ಡಿಗ್ರಿ ಮಾಡಿದ್ದಾರಾ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ನಮ್ಮ ಕಡೆಯವರಿಗೆ ನಿಜವಾದ ತೊಡಕು ಆಪರೇಷನ್ ಆದ ಮೇಲೆ. ಸುಮಾರು 4ರಿಂದ 6 ವಾರ ತುಂಬಿದ ಕೊಡ ಎತ್ತುವಂತಿಲ್ಲ, ಹುಲ್ಲಿನ ಹೊರೆ ಹೊರುವಂತಿಲ್ಲ, ಕೊಟ್ಟಿಗೆ ಬಾಚುವಂತಿಲ್ಲ. ಅದನ್ನೆಲ್ಲ ಯಾರು ಮಾಡುತ್ತಾರೆ ಅಂತ ಮನೆಯಲ್ಲಿ ಇತ್ಯರ್ಥ ಆದ ಮೇಲೆ ಹುಬ್ಬಳ್ಳಿ ಬಸ್ಸು ಹತ್ತಿ.

ಹೋದ ವರ್ಷ ಒಬ್ಬಳು ಇದೆಲ್ಲ ಕೇಳಿ, ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟಳು. "ಆರು ವಾರ ಕೊಟ್ಟಿಗೆಗೆ ಹೋಗೋದೇ ಬೇಡ್ವಾ ಅಕ್ಕಾ? ಹಾಗಾದ್ರೆ ಮಾಡಿಸೇಬಿಡ್ತೆ!"