ತೋಟದ ಡೈರಿ ಇಂಗ್ಲಿಷಿಗೆ: ಈಗ 'ಮಾಡಿಸೋ' ಕೆಲಸಗಳ ಹತ್ರ ಬಂದಿದೆ

ಶಿರಸಿ ಕಡೆ ಯಾವ ಅಡಿಕೆ ತೋಟದವ್ರ ಡೈರಿ ತೆಗೆದ್ರೂ ಯಜಮಾನ ತಾನೇ ಮಾಡಿದ ಕೆಲಸ ಕಮ್ಮಿ, ಮಾಡ್ಸಿದ್ದೇ ಜಾಸ್ತಿ. ಮದ್ದು ಹೊಡೆಸಿದ್ದು, ಕೊಟ್ಟೆ (ಮಳೆಗೆ ಅಡಿಕೆ ಗೊನೆಗೆ ಹಾಕೋ ಹೊದಿಕೆ) ಕಟ್ಸಿದ್ದು, ಕೊನೆ (ಗೊನೆ) ಕೊಯ್ಸಿದ್ದು, ಅಡಿಕೆ ಸುಲ್ಸಿದ್ದು. ನಮ್ಮನೆ ತೋಟದ ಡೈರೀನ ಇಂಗ್ಲಿಷಿಗೆ ತರೋ ಈ ಹವ್ಯಾಸದ ಕೆಲಸದಲ್ಲಿ ಟೆನ್ಸು, ಆರ್ಟಿಕಲ್ಲು ಎಲ್ಲ ಹೇಗೋ ದಾಟಿ ಆಯ್ತು, ಈಗ ಸಂಜೆ ಹೊತ್ತೆಲ್ಲ ಹೋಗ್ತಾ ಇರೋದು ಈ 'ಇಸು'ಗಳ ಮೇಲೆ, ಅಂದ್ರೆ 'ಮಾಡು' ಅನ್ನೋದನ್ನ 'ಮಾಡಿಸು' ಮಾಡೋ ಆ ಬಾಲದ ಮೇಲೆ.

ಮೊದ್ಲು ಜರಡಿ ಹಿಡಿದಿದ್ದು ಯಾವ 'ಇಸು'ಗೆ ಮೇಕ್, ಹ್ಯಾವ್, ಗೆಟ್ ಬೇಕು, ಯಾವುದಕ್ಕೆ ಬೇಡ ಅಂತ. ಅಡಿಕೆ ಒಣಗಿಸಿದೆ ಅನ್ನೋದಕ್ಕೆ 'ಐ ಡ್ರೈಡ್ ದ ನಟ್ಸ್' ಅಂದ್ರೆ ಮುಗೀತು, ಒಣಗೋದಕ್ಕೂ ಒಣಗಿಸೋದಕ್ಕೂ ಇಂಗ್ಲಿಷಲ್ಲಿ ಒಂದೇ ಡ್ರೈ. ಬೇಯೋದು ಬೇಯಿಸೋದು ಎರಡಕ್ಕೂ ಬಾಯ್ಲ್. ಕಲಿಸೋದಕ್ಕೆ ಟೀಚ್, ಉಣ್ಣಿಸೋದಕ್ಕೆ ಫೀಡ್ ಅಂತ ಬೇರೆ ಪದಾನೇ ಇದೆ. ಇವನ್ನೆಲ್ಲ ಒಂದು ಪಟ್ಟಿ ಮಾಡಿ ಆಚೆ ಇಟ್ಟೆ. ಉಳಿದಿದ್ದು ಬೇರೆಯವ್ರ ಕೈಲಿ ಮಾಡ್ಸಿದ ಕೆಲಸಗಳು, ಮಜಾ ಇರೋದೇ ಅಲ್ಲಿ.

ಕೊನೆಗೌಡನ, ಅಂದ್ರೆ ಮರ ಹತ್ತಿ ಕೊನೆ ಕೊಯ್ಯೋನ ವಿಷಯ ತಗೊಳ್ಳಿ. 'ಐ ಮೇಡ್ ಹಿಮ್ ಕ್ಲೈಂಬ್' ಅಂತ ಬರೆದ್ರೆ ಗ್ರಾಮರ್ ಸರಿ, ಮೇಕ್ ಆದ್ಮೇಲೆ ಆಳು, ಆಮೇಲೆ ಟು ಇಲ್ಲದ ಕ್ರಿಯಾಪದ. ಆದ್ರೆ ಒತ್ತಾಯ ಮಾಡಿ ಮರ ಹತ್ತಿಸಿದೆ ಅಂತ ಅರ್ಥ ಬರತ್ತೆ, ಕೊಯ್ಲಿನ ಟೈಮಲ್ಲಿ ಕೊನೆಗೌಡನಿಗೆ ಒತ್ತಾಯ ಮಾಡೋ ಧೈರ್ಯ ಈ ಸೀಮೇಲಿ ಯಾರಿಗಿದೆ ಮಾರಾಯ್ರೆ, ನಾಕು ಸಲ ಫೋನ್ ಮಾಡಿ, ಮನೆ ತನಕ ಹೋಗಿ, ಚಾ ಕುಡಿದು, ಅಂತೂ ಒಪ್ಪಿಸಿ ಕರ್ಕೊಂಡು ಬರೋದು. ಅದಕ್ಕೆ ಗೆಟ್ಟೇ ಸರಿ: 'ಐ ಗಾಟ್ ಹಿಮ್ ಟು ಕಮ್ ಆನ್ ಮಂಡೇ.' ಪುಸಲಾಯಿಸಿದ್ದು, ಕಷ್ಟಪಟ್ಟು ಒಪ್ಪಿಸಿದ್ದು ಎಲ್ಲ ಆ ಗಾಟ್ ಒಳಗೇ ಇದೆ, ಇಲ್ಲಿ ಮಾತ್ರ ಟು ಬಿಡೋ ಹಾಗಿಲ್ಲ. ಹ್ಯಾವ್ ಅಂದ್ರೆ ಹೇಳಿದೆ, ಅವ್ರು ಮಾಡಿದ್ರು, ಅಷ್ಟೇ: 'ಐ ಹ್ಯಾಡ್ ಹಿಮ್ ಹೋಲ್ಡ್ ದ ರೋಪ್.' ಹೀಗೆ ಆಳಿನ ಜೊತೆ ಹ್ಯಾವ್ ಹಾಕೋದು ಅಮೆರಿಕದವ್ರಲ್ಲಿ ಜಾಸ್ತಿ. ಮೇಕ್ ಯಾವಾಗ್ಲೂ ದಬ್ಬಾಳಿಕೆಗೇ ಅಂತಾನೂ ಅಲ್ಲ, ಅಡಿಕೆ ಬೇಯಿಸೋ ಒಲೆ ಹೊಗೆಗೆ 'ದ ಸ್ಮೋಕ್ ಮೇಡ್ ಮಿ ಕಾಫ್' ಅಂತ ಬರ್ದಿದ್ದೀನಿ. ಲೆಟ್ ಅಂದ್ರೆ ಬಿಡೋದು, ಅದಕ್ಕೂ ಟು ಬೇಡ, ಭೂತಕಾಲದಲ್ಲೂ ಲೆಟ್ಟೇ. ಹೆಲ್ಪಿಗೆ ಟು ಹಾಕಿದ್ರೂ ಸರಿ ಬಿಟ್ರೂ ಸರಿ, ತಕರಾರಿಲ್ಲ.

ಡೈರೀಲಿ ಅರ್ಧಕ್ಕರ್ಧ ಕಡೆ ಯಾರ ಕೈಲಿ ಮಾಡ್ಸಿದ್ದು ಅಂತ ಹೆಸ್ರೇ ಇರಲ್ಲ. ಜೂನ್ ಶುರುವಲ್ಲಿ 'ಮದ್ದು ಹೊಡೆಸಿದೆ' ಅಂತಿದೆ, ಅಂದ್ರೆ ಕೊಳೆ ರೋಗಕ್ಕೆ 1% ಬೋರ್ಡೋ ದ್ರಾವಣ, ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಹೊಡೆದವ್ರ ಹೆಸ್ರು ಬೇಡ ಅಂದ್ರೆ 'ಐ ಹ್ಯಾಡ್ ದ ಗಾರ್ಡನ್ ಸ್ಪ್ರೇಡ್', ಕೆಲಸ ಆಗಿದ್ದು ಯಾವುದ್ರ ಮೇಲೋ ಅದು ಮೊದ್ಲು, ಆಮೇಲೆ ಕ್ರಿಯಾಪದದ ಮೂರನೇ ರೂಪ. ಇಲ್ಲಿ ಪದದ ಜಾಗ ತಪ್ಪೋ ಹಾಗೇ ಇಲ್ಲ, 'ಐ ಹ್ಯಾಡ್ ಸ್ಪ್ರೇಡ್ ದ ಗಾರ್ಡನ್' ಅಂದ್ರೆ ನಾನೇ ಪಂಪ್ ಹಿಡ್ಕೊಂಡು ಹೊಡೆದಿದ್ದೆ ಅಂತಾಗತ್ತೆ, ಅದನ್ನ ಓದಿದ್ರೆ ಆಯಿ (ಅಮ್ಮ) ನಗ್ತಾಳೆ. ಕನ್ನಡದಲ್ಲಿ ಪದ ಹಿಂದೆ ಮುಂದೆ ಮಾಡಿದ್ರೂ 'ಹೊಡೆಸಿದೆ'ಯೊಳಗಿನ 'ಸಿ' ಕಾಪಾಡತ್ತೆ, ಇಂಗ್ಲಿಷಲ್ಲಿ ಆ ಕೆಲಸಾನ ಪದದ ಜಾಗ ಮಾಡತ್ತೆ.

ಇದೇ ಅಚ್ಚು ನಾವು ಮಾಡಿಸದೇ ನಮಗೆ ಆಗಿಹೋಗಿದ್ದಕ್ಕೂ ಬರತ್ತೆ ಅನ್ನೋದು ಜುಲೈ ಪುಟಗಳಲ್ಲಿ ಬೇಕಾಯ್ತು. 'ವಿ ಹ್ಯಾಡ್ ಸಮ್ ಪಾಮ್ಸ್ ಬ್ಲೋನ್ ಡೌನ್', ಗಾಳಿಗೆ ಒಂದಷ್ಟು ಮರ ಹೋದ್ವು ಅಂತ. ದುಡ್ಡು ಕೊಟ್ಟು ಬೀಳ್ಸಿದ್ದು ಅಂತ ಯಾರೂ ತಿಳ್ಕೊಳಲ್ಲ, ಹಿಂದೆ ಮುಂದೆ ಮಳೆ ಗಾಳಿ ಮಾತಿದ್ರೆ ಸಾಕು.

ಈಗ ನಿಂತಿರೋದು ಅಲ್ಲಗಳೆಯೋ ವಾಕ್ಯಗಳಲ್ಲಿ. ಆಗಸ್ಟಲ್ಲಿ ಮಳೆ ಬಿಡದೇ ಎರಡನೇ ಮದ್ದು ಹೊಡೆಸಲಿಲ್ಲ ಅಂತ ಒಂದು ಸಾಲಿದೆ, ಅದಕ್ಕೆ 'ಐ ಡಿಡಂಟ್ ಹ್ಯಾವ್ ಇಟ್ ಸ್ಪ್ರೇಡ್' ಆಗ್ಬೇಕು, ಈ ಹ್ಯಾವ್ ಇಲ್ಲಿ ಪೂರ್ತಿ ಕ್ರಿಯಾಪದ ಆಗಿರೋದ್ರಿಂದ ಡಿಡ್ ಸಹಾಯ ಬೇಕೇ ಬೇಕು. ಅದು ಮುಗಿದ್ರೆ ಪ್ಯಾಸಿವ್: 'ದೇ ಮೇಡ್ ಮಿ ವೇಟ್' ಅನ್ನೋದನ್ನ ತಿರುಗಿಸಿದ್ರೆ ಮಾಯ ಆಗಿದ್ದ ಟು ವಾಪಸ್ ಬರತ್ತೆ, 'ಐ ವಾಸ್ ಮೇಡ್ ಟು ವೇಟ್'. ಲೆಟ್ ಹಾಗೆ ತಿರುಗೋದೇ ಇಲ್ಲ, ಅಲೌಡ್ ಟು ಅಂತ ಬೇರೆ ಪದ ಹಿಡೀಬೇಕು. ಅಡಿಕೆ ಮಾರೋಕೆ ಹೋಗಿ ಕಾದ ದಿನಗಳ ಪುಟ ಡೈರೀಲಿ ಬೇಕಾದಷ್ಟಿದೆ, ಪ್ರಾಕ್ಟೀಸಿಗೆ ಕೊರತೆ ಇಲ್ಲ.