ಗುಡ್ಡದ ತುಂಬ ಫ್ಯಾನು, ಊರಾಗ ಕರೆಂಟ್ ಯಾಕಿಲ್ಲ?

ಫಿಜಿಕ್ಸ್ ಮಾಸ್ತರಿಕೆ ಬಿಟ್ಟು ವರ್ಷಗಳಾದವು. ಆದರೂ ಗದಗ ಸೀಮೆಯ ಯಾವ ಮದುವೆಗೆ ಹೋಗಲಿ, ಎಲೆಗೆ ಮಾದಲಿ ಬೀಳುವ ಮೊದಲೇ ಪಕ್ಕದವರಿಂದ ಈ ಪ್ರಶ್ನೆ ಬೀಳುತ್ತದೆ: “ಮಾಸ್ತರ್ರ, ಕಪ್ಪತಗುಡ್ಡದ ಕಡೆ ನೋಡ್ರಿ, ಎರಿ ಹೊಲದಾಗ ನೋಡ್ರಿ, ಎಲ್ಲೆಲ್ಲೂ ಫ್ಯಾನ್ ತಿರಗತಾವ. ಮತ್ತ ನಮ್ಮೂರಾಗ ಕರೆಂಟ್ ಯಾಕ ಹೋಗತೈತಿ? ಎಲ್ಲಾ ಬೆಂಗಳೂರಿಗೆ ಒಯ್ತಾರೇನು?”

ಇದರ ಬೆನ್ನಿಗೇ ಬರುವ ಇನ್ನೊಂದು ಮಾತುಂಟು: ಈ ಫ್ಯಾನುಗಳು, ಅಂದರೆ ಗಾಳಿಯಿಂದ ಕರೆಂಟ್ ಮಾಡುವ ಯಂತ್ರಗಳು, ಮೋಡ ಓಡಿಸಿ ಮಳೆ ತಪ್ಪಿಸುತ್ತವೆ ಅಂತ. ಅದಕ್ಕೆ ಉತ್ತರ ಚಿಕ್ಕದು. ಈ ಫ್ಯಾನು ಗಾಳಿ ಹಾಕುವುದಿಲ್ಲ, ಬೀಸುವ ಗಾಳಿಯಿಂದ ಒಂದಿಷ್ಟು ಶಕ್ತಿ ಕಿತ್ತುಕೊಳ್ಳುತ್ತದೆ. ಅದರ ಕಂಬ ನೂರು, ನೂರೈವತ್ತು ಮೀಟರು. ಮಳೆಯ ಮೋಡ ಕಿಲೋಮೀಟರುಗಟ್ಟಲೆ ಎತ್ತರಕ್ಕೆ ಎದ್ದಿರುತ್ತದೆ. ಈ ಉತ್ತರ ಒಪ್ಪಿದವರು ನನಗೆ ಇನ್ನೂ ಸಿಕ್ಕಿಲ್ಲ, ಆ ಮಾತು ಬಿಡಿ.

ಮೊದಲನೇ ಪ್ರಶ್ನೆ ಮಾತ್ರ ಗಟ್ಟಿಯಾದದ್ದು. ಅದರಲ್ಲಿ ಒಂದು ಪಾಲು ಬೇಗ ಮುಗಿಯುತ್ತದೆ. ಹಳ್ಳಿಯಲ್ಲಿ ಕರೆಂಟ್ ಹೋದಾಗ ಬಹಳ ಸಲ ದೇಶದಲ್ಲೇನೂ ಕೊರತೆ ಇರುವುದಿಲ್ಲ. ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಸುಟ್ಟಿರುತ್ತದೆ, ಕಂಬದ ಮೇಲಿನ ಜಂಪ್ ತಂತಿ ಕಡಿದಿರುತ್ತದೆ, ಬೇವಿನ ಟೊಂಗೆ ತಂತಿಯ ಮೇಲೆ ಬಿದ್ದಿರುತ್ತದೆ. ಆಷಾಢದಲ್ಲಿ ಫ್ಯಾನು ತಿರುಗಿಸುವ ಗಾಳಿಯೂ ಟೊಂಗೆ ಮುರಿಯುವ ಗಾಳಿಯೂ ಒಂದೇ. ನಮ್ಮ ಮನೆಯ ಮಾಳಿಗೆ ಮೇಲೆ ಸೋಲಾರ್ ಹಾಕಿಸಿದ ಮೇಲೂ ಇದು ತಪ್ಪಲಿಲ್ಲ. ಗ್ರಿಡ್‌ಗೆ, ಅಂದರೆ ಊರೂರಿನ ಲೈನುಗಳ ಜಾಲಕ್ಕೆ ಜೋಡಿಸಿದ, ಬ್ಯಾಟರಿ ಇಲ್ಲದ ಸೋಲಾರ್ ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ಬಂದ್ ಆಗುತ್ತದೆ. ಇಲ್ಲವಾದರೆ ರಿಪೇರಿಗೆ ಕಂಬ ಹತ್ತಿದ ಲೈನ್‌ಮನ್ನನಿಗೆ ನಮ್ಮ ಮನೆಯ ಕರೆಂಟೇ ಹೊಡೆದೀತು. ಓಣಿಯವರಿಗೆ ಇದು ಇವತ್ತಿಗೂ ನಗೆಚಾಟಿಕೆ: “ಮಾಸ್ತರ ಮನ್ಯಾಗ ಬಿಸಲೂ ಐತಿ, ಸೋಲಾರೂ ಐತಿ, ಕರೆಂಟ್ ಇಲ್ಲ!”

ಬೆಂಗಳೂರಿಗೆ ಒಯ್ಯುವ ಮಾತು ಅರ್ಧ ನಿಜ. ಫ್ಯಾನಿನ ಕರೆಂಟಿಗೆ ಊರು ಕೇರಿ ಇಲ್ಲ. ಅದು ಸಬ್‌ಸ್ಟೇಷನ್ ಸೇರಿ ದೊಡ್ಡ ಲೈನು ಹಿಡಿಯುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರದ 765 ಕಿಲೋವೋಲ್ಟ್ ಲೈನು ಜೋಡಿಸಿದ ಮೇಲೆ ಇಡೀ ದೇಶವೇ ಒಂದು ಕೆರೆ. ಹಳ್ಳದ ನೀರು ಕೆರೆಗೆ ಬಿದ್ದ ಮೇಲೆ ಯಾವ ತೂಬಿನಿಂದ ಹೊರಗೆ ಬಂತು ಅಂತ ಹೇಗೆ ಹೇಳುವುದು?

ಈಗ ಲೆಕ್ಕಕ್ಕೆ ಬರೋಣ. 2 ಮೆಗಾವ್ಯಾಟಿನ ಒಂದು ಫ್ಯಾನು ವರ್ಷವಿಡೀ ಪೂರ್ತಿ ಓಡಿದರೆ ಎಷ್ಟು ಬರಬೇಕೋ ಅದರ ಕಾಲು ಪಾಲು ಕೊಟ್ಟಿತು ಅಂತ ಹಿಡಿಯಿರಿ. ವರ್ಷಕ್ಕೆ ಸುಮಾರು 44 ಲಕ್ಷ ಯೂನಿಟ್. ಭಾರತದಲ್ಲಿ ಕಾರ್ಖಾನೆ, ರೈಲು, ಪಂಪ್‌ಸೆಟ್ ಎಲ್ಲ ಸೇರಿಸಿ ತಲೆಗೆ ವರ್ಷಕ್ಕೆ 1,400 ಯೂನಿಟ್ ಹತ್ತಿರ ಖರ್ಚು. ಭಾಗಿಸಿದರೆ ಒಂದು ಫ್ಯಾನಿಗೆ ಮೂರು ಸಾವಿರ ಜನರ ಒಂದೂರು. ಕೇಳಿದವರ ಮುಖ ಅರಳುತ್ತದೆ: ಹಾಗಾದರೆ ಮೋಸ ಇದ್ದೇ ಇದೆ!

ಮೋಸ ಇರುವುದು ಆ ‘ವರ್ಷಕ್ಕೆ’ ಅನ್ನುವ ಶಬ್ದದಲ್ಲಿ. ಗಾಳಿಯ ವೇಗ ಅರ್ಧಕ್ಕಿಳಿದರೆ ಅದರಲ್ಲಿರುವ ಶಕ್ತಿ ಅರ್ಧಕ್ಕಲ್ಲ, ಎಂಟನೇ ಒಂದಕ್ಕೆ ಇಳಿಯುತ್ತದೆ. ಸೆಕೆಂಡಿಗೆ ಮೂರ್ನಾಲ್ಕು ಮೀಟರಿಗಿಂತ ಕಡಿಮೆಯಾದರೆ ಫ್ಯಾನು ಸುಮ್ಮನೆ ನಿಲ್ಲುತ್ತದೆ. ನಮ್ಮ ಕಡೆ ಕಾರಹುಣ್ಣಿಮೆಯ ಹೊತ್ತಿಗೆ ಗಾಳಿ ಏಳುತ್ತದೆ, ಆಷಾಢ ಶ್ರಾವಣದಲ್ಲಿ ಭೋರ್ಗರೆಯುತ್ತದೆ, ಗಣಪತಿ ಕಳಿಸಿದ ಮೇಲೆ ಮೆತ್ತಗಾಗುತ್ತದೆ. ವರ್ಷದ ಗಾಳಿ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಈ ನಾಲ್ಕು ತಿಂಗಳಲ್ಲೇ ಬರುವುದು. ಅದೇ ನಾಲ್ಕು ತಿಂಗಳು ಮಳೆಯಿಂದ ಹೊಲ ತೊಯ್ದಿರುತ್ತದೆ, ಪಂಪ್‌ಸೆಟ್ ಕೇಳುವವರಿಲ್ಲ, ಸೆಕೆಯೂ ಇಲ್ಲ. ಕರ್ನಾಟಕಕ್ಕೆ ಕರೆಂಟ್ ಹಸಿವು ಏಳುವುದು ಶಿವರಾತ್ರಿ ದಾಟಿದ ಮೇಲೆ. ಆಗ ಗುಡ್ಡದ ಮೇಲಿನ ಫ್ಯಾನುಗಳು ಬಹಳ ಹೊತ್ತು ಕೈಕಟ್ಟಿ ನಿಂತಿರುತ್ತವೆ. 2023ರಲ್ಲಂತೂ ಮಳೆ ಕೈಕೊಟ್ಟು ಅಣೆಕಟ್ಟು ತುಂಬಲಿಲ್ಲ, ಬೆಳೆ ಉಳಿಸಿಕೊಳ್ಳಲು ರೈತರು ಅಕ್ಟೋಬರಿನಲ್ಲೇ ಬೋರು ಚಾಲೂ ಮಾಡಿದರು, ರಾಜ್ಯವೆಲ್ಲ ಒದ್ದಾಡಿತು.

ಪತ್ರಿಕೆಯ ಸುದ್ದಿ ಓದುವಾಗಲೂ ಇದನ್ನು ನೆನಪಿಡಬೇಕು. 2025ರ ನಡುವಿಗೆ ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಪಾಲು ಕಲ್ಲಿದ್ದಲು, ಗ್ಯಾಸು, ಡೀಸೆಲ್ ಬಿಟ್ಟು ಬೇರೆಯದಾಯಿತು ಅಂತ ಬಂತು. ಸುಳ್ಳಲ್ಲ. ಆದರೆ ಸಾಮರ್ಥ್ಯ ಅಂದರೆ ಎಕರೆ, ಉತ್ಪಾದನೆ ಅಂದರೆ ಚೀಲ. ಮಳೆಯಾಶ್ರಿತ ಹತ್ತೆಕರೆಯೂ ಕಾಲುವೆ ಕೆಳಗಿನ ಹತ್ತೆಕರೆಯೂ ಪಹಣಿಯಲ್ಲಿ ಒಂದೇ, ಕಣದಲ್ಲಿ ಒಂದಲ್ಲ. ಚೀಲದ ಲೆಕ್ಕದಲ್ಲಿ ಇವತ್ತಿಗೂ ನಮ್ಮ ಕರೆಂಟಿನ ನಾಲ್ಕರಲ್ಲಿ ಮೂರು ಪಾಲಿನಷ್ಟು ಕಲ್ಲಿದ್ದಲಿನದೇ.

ಹಾಗಾದರೆ ಗಾಳಿ ಇದ್ದಾಗ ಮಾಡಿ ಇಟ್ಟುಕೊಳ್ಳಬಾರದೇ? ಇದನ್ನು ಕೇಳುವವರು ಹೆಚ್ಚಾಗಿ ಹಿರಿಯರು, ಯಾಕೆಂದರೆ ಅವರು ನೆಲದೊಳಗೆ ಕಾಳು ತುಂಬಿಡುವ ಹಗೇವು ನೋಡಿದವರು. ನಮ್ಮ ಅಜ್ಜನ ಮನೆಯ ಅಂಗಳದಲ್ಲಿ ಒಂದಿತ್ತು. ಬಾಯಿ ಸಣ್ಣದು, ಒಳಗೆ ಆಳು ನಿಲ್ಲುವಷ್ಟು ಆಳ. ಸುತ್ತ ಒಣ ಹುಲ್ಲು ಹೊಂದಿಸಿ, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಬಡಿದರೆ ಬರಗಾಲದ ವರ್ಷ ತೆಗೆಯುವ ತನಕ ಚಿಂತೆಯಿಲ್ಲ. ಬದಿಯ ಜೋಳ ಒಂದಿಷ್ಟು ಕಪ್ಪಾಗುತ್ತಿತ್ತು, ಮುಗ್ಗು ವಾಸನೆ ಹಿಡಿಯುತ್ತಿತ್ತು. ಅಷ್ಟು ಹೋಗುವುದು ಲೆಕ್ಕದಲ್ಲೇ ಇತ್ತು. ತೆಗೆದ ದಿನ ಯಾರೂ ಕೂಡಲೇ ಇಳಿಯುತ್ತಿರಲಿಲ್ಲ. ಮೊದಲು ಕಂದೀಲು ಹಗ್ಗಕ್ಕೆ ಕಟ್ಟಿ ಇಳಿಬಿಡುವುದು. ದೀಪ ಆರಿತೋ, ಒಳಗೆ ಹೋದವ ಬದುಕಲಾರ. ಆ ಜೋಳದ ಉಸಿರೇ ಕಾರ್ಬನ್ ಡೈ ಆಕ್ಸೈಡ್ ಅಂತ ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಗಾಳಿಯಲ್ಲಿ ಅದು ಕೈಗಾರಿಕೆ ಶುರುವಾಗುವ ಮುಂಚೆ ಹತ್ತು ಲಕ್ಷಕ್ಕೆ 280 ಪಾಲಿತ್ತು, ಈಗ 420 ದಾಟಿದೆ. ಇದಕ್ಕೆ ದೀಪ ಆರುವುದಿಲ್ಲ, ಅದೇ ಫಜೀತಿ. ಆರಿದ್ದರೆ ಜಗತ್ತು ಎಂದೋ ಎದ್ದು ಕೂರುತ್ತಿತ್ತು.

ಕರೆಂಟಿಗೆ ಹಗೇವು ಇಲ್ಲ. ಮಾಡಿದ ಕ್ಷಣದಲ್ಲೇ ಯಾರೋ ಉಣ್ಣಬೇಕು. ಹೆಚ್ಚು ಕಡಿಮೆಯಾದರೆ ಇಡೀ ಗ್ರಿಡ್ಡಿನ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತದ ತಾಳ ತಪ್ಪುತ್ತದೆ. ಹಗೇವು ಮಾಡುವುದೇ ಆದರೆ ಎರಡು ದಾರಿ. ಒಂದು ಬ್ಯಾಟರಿ, 2010ಕ್ಕೆ ಹೋಲಿಸಿದರೆ ಅದರ ಬೆಲೆ ಹತ್ತನೇ ಒಂದು ಪಾಲಿನಷ್ಟಕ್ಕೆ ಇಳಿದಿದೆ. ಆದರೆ ಅದು ಮಧ್ಯಾಹ್ನದ್ದನ್ನು ರಾತ್ರಿಗೆ ದಾಟಿಸುತ್ತದೆ, ಶ್ರಾವಣದ್ದನ್ನು ಶಿವರಾತ್ರಿಗೆ ದಾಟಿಸಲಾರದು. ಇನ್ನೊಂದು ನೀರು: ಕರೆಂಟ್ ಹೆಚ್ಚಾದಾಗ ಕೆಳಗಿನ ಕೆರೆಯ ನೀರು ಮೇಲಕ್ಕೆತ್ತುವುದು, ಬೇಕಾದಾಗ ಇಳಿಬಿಟ್ಟು ಟರ್ಬೈನು ತಿರುಗಿಸುವುದು. ನೂರು ಯೂನಿಟ್ ಇಟ್ಟರೆ ಎಪ್ಪತ್ತೈದೋ ಎಂಬತ್ತೋ ವಾಪಸು, ಹಗೇವಿನ ಕಪ್ಪು ಜೋಳದ ಹಾಗೆ. ಶರಾವತಿಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಇಂಥದೊಂದು ಯೋಜನೆಯ ಮಾತು ಬಂದಾಗ ಎದ್ದ ಗದ್ದಲ ನಿಮಗೆ ಗೊತ್ತು. ಅದು ಸಿಂಗಳೀಕಗಳ ಕಾಡು. ನನಗೆ ಆ ಯೋಜನೆ ಬೇಡ ಅನಿಸುತ್ತದೆ. ಹಾಗೆಯೇ 2019ರಲ್ಲಿ ವನ್ಯಜೀವಿ ಧಾಮವಾದ ಕಪ್ಪತಗುಡ್ಡದ ಒಳಗೆ ಇನ್ನೊಂದು ಫ್ಯಾನೂ ಬೇಡ. ಹೀಗಂದ ಕೂಡಲೇ ಎದುರಿನವರು ಕೇಳುತ್ತಾರೆ: ಅದೂ ಬೇಡ, ಇದೂ ಬೇಡ, ಕಲ್ಲಿದ್ದಲೂ ಬೇಡ, ಮತ್ತ್ಯಾವುದು ಬೇಕು ನಿಮಗೆ? ನನ್ನ ಹತ್ತಿರ ಇರುವುದು ಅರ್ಧ ಉತ್ತರ: ಹಗೇವು ಬೇಕು, ಆದರೆ ಕಾಡಿನಿಂದ ದೂರ, ಒಣ ಗುಡ್ಡಗಳಲ್ಲಿ, ಒಮ್ಮೆ ತುಂಬಿದ ನೀರನ್ನೇ ಮೇಲೆ ಕೆಳಗೆ ಓಡಾಡಿಸುವಂಥದು.

ಇಷ್ಟು ಹೊತ್ತು ಕರೆಂಟಿನ ಮಾತಾಯಿತು. ಗದಗ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಗಂಟೆ ಕೂತರೆ ಉಳಿದದ್ದು ಕಾಣುತ್ತದೆ. ಗೋವಾದ ಮುರ್ಮುಗೋವಾ ಬಂದರಿನಲ್ಲಿ ಇಳಿದ ವಿದೇಶಿ ಕಲ್ಲಿದ್ದಲು ಕ್ಯಾಸಲ್‌ರಾಕ್ ಘಾಟಿ ಹತ್ತಿ, ಧಾರವಾಡ, ಹುಬ್ಬಳ್ಳಿ ದಾಟಿ, ನಮ್ಮ ಮುಂದೆಯೇ ಹಾದು ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಹೋಗುತ್ತದೆ. ಆ ಕಲ್ಲಿದ್ದಲು ಬಲ್ಬು ಉರಿಸಲು ಬಂದದ್ದಲ್ಲ, ಅದಿರಿನಿಂದ ಕಬ್ಬಿಣ ಬಿಡಿಸಲು ಬಂದದ್ದು. ಗುಡ್ಡದ ಮೇಲಿನ ಫ್ಯಾನಿನ ಕಂಬವೂ ಉಕ್ಕಿನದೇ. (ಫ್ಯಾನು ತಯಾರಿಸಲು ಹೋದ ಶಕ್ತಿಯನ್ನು ಅದು ಹೆಚ್ಚುಕಡಿಮೆ ಒಂದು ವರ್ಷದೊಳಗೆ ತೀರಿಸಿಬಿಡುತ್ತದೆ, ಆ ಸಾಲದ ಬಗ್ಗೆ ತಕರಾರಿಲ್ಲ.)

ಜಗತ್ತು ಬಳಸುವ ಎಲ್ಲ ಶಕ್ತಿಯನ್ನು, ಪೆಟ್ರೋಲು, ಗ್ಯಾಸು, ಕಲ್ಲಿದ್ದಲು ಎಲ್ಲವನ್ನೂ, ಕರೆಂಟ್ ಯೂನಿಟ್ಟಿಗೆ ಇಳಿಸಿ ಹಂಚಿದರೆ ತಲೆಗೆ ದಿನಕ್ಕೆ ಸುಮಾರು 58 ಯೂನಿಟ್ ಬರುತ್ತದೆ. ಭಾರತದವನ ಪಾಲು 20ರ ಆಸುಪಾಸು, ಅಮೆರಿಕದವನದು 200ಕ್ಕೂ ಮೇಲೆ. ನಮ್ಮ ಇಪ್ಪತ್ತರಲ್ಲಿ ಕರೆಂಟಾಗಿ ಕೈಗೆ ಬರುವುದು ನಾಲ್ಕರಷ್ಟೂ ಅಲ್ಲ. ಒಂದಿಷ್ಟು ಕಲ್ಲಿದ್ದಲು ಉರಿಸುವಾಗಲೇ ಬರೀ ಶಾಖವಾಗಿ ಹೋಗುತ್ತದೆ. ಉಳಿದದ್ದು ಲಾರಿಯ ಡೀಸೆಲ್ಲು, ಸಿಮೆಂಟು, ಕಬ್ಬಿಣ, ಒಲೆಯ ಸಿಲಿಂಡರು, ಮುಂಗಾರಿಗೆ ಸರದಿ ನಿಂತು ತರುವ ಯೂರಿಯಾ. ಆ ಯೂರಿಯಾ ಚೀಲವೂ ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ಆದದ್ದೇ. ಜಗತ್ತಿನ ಒಟ್ಟು ಶಕ್ತಿಯಲ್ಲಿ ನೆಲದಿಂದ ಅಗೆದು ಸುಡುವುದರ ಪಾಲು ಇನ್ನೂ ನೂರಕ್ಕೆ ಎಂಬತ್ತು. ಇತ್ತ 200 ಕೋಟಿಗೂ ಹೆಚ್ಚು ಜನ ಕಟ್ಟಿಗೆ, ಕುಳ್ಳು, ಸೀಮೆಎಣ್ಣೆಯ ಹೊಗೆಯಲ್ಲೇ ಅಡಿಗೆ ಮಾಡುತ್ತಾರೆ. ಅವರಿಗೆ ‘ಕಡಿಮೆ ಬಳಸು’ ಅಂತ ಯಾವ ಬಾಯಿಂದ ಹೇಳುವುದು? ಇನ್ನೂರು ಯೂನಿಟ್ಟಿನವರಿಗೆ ಹೇಳಬಹುದು, ಅವರು ಕೇಳುವುದಿಲ್ಲ.

ಹಗೇವಿನ ಜೊತೆಗೆ ಇನ್ನೊಂದು ಹಳೇ ಉಪಾಯವಿದೆ, ಅದನ್ನು ನಾನು ಹೆಚ್ಚು ನಂಬುತ್ತೇನೆ. ರಾಶಿ ಮಾಡುವ ಕಾಲಕ್ಕೆ ಅಜ್ಜ ಕಣದಲ್ಲೇ ಮಲಗುತ್ತಿದ್ದ. ಗಾಳಿ ಯಾವಾಗ ಬರುತ್ತದೆ ಅಂತ ಹೇಳಲಾಗದು. ನಡುರಾತ್ರಿ ಕೆನ್ನೆಗೆ ಗಾಳಿ ತಾಗಿದರೆ ಎದ್ದು ನಮ್ಮನ್ನೂ ಎಬ್ಬಿಸಿ ತೂರಲು ನಿಲ್ಲುತ್ತಿದ್ದ. ‘ಗಾಳಿ ಬಂದಾಗ ತೂರಿಕೋ’ ಅನ್ನುವ ಗಾದೆ ನನಗೆ ಗಾದೆಯಾಗಿ ಬಂದದ್ದಲ್ಲ, ನಿದ್ದೆಗಣ್ಣಲ್ಲಿ ಮೂಗಿಗೆ ಹೊಕ್ಕ ಹೊಟ್ಟಾಗಿ ಬಂದದ್ದು. ಇಂಜಿನಿಯರುಗಳು ಈಗ ಇದನ್ನೇ ದೊಡ್ಡ ಹೆಸರಿಟ್ಟು ಹೇಳುತ್ತಾರೆ: ಕರೆಂಟ್ ಇದ್ದ ಹೊತ್ತಿಗೆ ಕೆಲಸವನ್ನು ಸರಿಸುವುದು. ರಾತ್ರಿ ಹನ್ನೆರಡಕ್ಕೆ ಪಂಪ್ ಓಡಿಸುವ ತ್ರೀ ಫೇಸ್ ಕರೆಂಟ್ ಬಂತೆಂದು ಟಾರ್ಚ್ ಹಿಡಿದು, ಹಾವು ಚೇಳಿನ ನಡುವೆ ನೀರು ಹಾಯಿಸಲು ಹೋದವರಿಗೆಲ್ಲ ಗೊತ್ತು, ಆ ಪಂಪು ಹಗಲು ಬಿಸಿಲಿನ ಕರೆಂಟಿಗೆ ಓಡಿದರೆ ಎಷ್ಟು ಸುಖ ಅಂತ. ಹಿಟ್ಟಿನ ಗಿರಣಿ, ಐಸ್ ಫ್ಯಾಕ್ಟರಿ, ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಇವೆಲ್ಲ ಒಂದೆರಡು ತಾಸು ಹಿಂದೆ ಮುಂದೆ ಸರಿಯಬಲ್ಲವು. ಆಸ್ಪತ್ರೆ ಸರಿಯಲಾರದು, ಸಂಜೆ ಏಳರ ಅಡಿಗೆಯೂ ಸರಿಯಲಾರದು.

ಮುಂಡರಗಿ ಕಡೆಯ ನನ್ನ ಹಳೇ ವಿದ್ಯಾರ್ಥಿಯೊಬ್ಬನ ಹೊಲದಲ್ಲಿ ಫ್ಯಾನು ನಿಂತಿದೆ. ಮೊನ್ನೆ ಫೋನ್ ಮಾಡಿದ್ದ. “ಸರ, ಫ್ಯಾನಿನ ರೊಕ್ಕ ಬಂದೈತಿ. ನೀವು ಹೇಳಿದಂಗ ಸೋಲಾರ್ ಪಂಪ್ ಹಾಕಸ್ಲೇನು? ರಾತ್ರಿ ಎದ್ದು ಹೋಗೋದು ಇಲ್ಲ, ಮುಂಜಾನಿಂದ ಸಂಜೀತನಕ ಬಿಟ್ಟರಾತು.”

“ಬೋರು ಎಷ್ಟು ಆಳ?” ಅಂತ ಕೇಳಿದೆ.

“ಆರನೂರು ಫೂಟ್ ರೀ. ಹ್ವಾದ ವರ್ಷ ಐನೂರಕ್ಕ ಸಿಗತಿತ್ತು.”

1865ರಲ್ಲೇ ಜೆವನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಹೇಳಿದ್ದ, ಉಗಿ ಯಂತ್ರ ಕಡಿಮೆ ಕಲ್ಲಿದ್ದಲಿಗೆ ಹೆಚ್ಚು ಕೆಲಸ ಮಾಡಿದಷ್ಟೂ ಜನ ಕಲ್ಲಿದ್ದಲು ಹೆಚ್ಚೇ ಸುಡುತ್ತಾರೆ ಅಂತ. ಪಂಪು ಸಲೀಸಾದಷ್ಟೂ ಬೋರಿನ ನೀರಿಗೂ ಅದೇ ಗತಿ. ಫೋನಿನಲ್ಲಿ ಅವನಿಗೆ ಜೆವನ್ಸ್ ಕಥೆ ಹೇಳಲಿಲ್ಲ. ಪಂಪ್ ಹಾಕಿಸು, ಆದರೆ ಮೊದಲು ಹನಿ ನೀರಾವರಿ ಪೈಪು ಎಳೆಸು, ಕಬ್ಬಿನ ಆಸೆ ಬಿಡು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. “ಕಬ್ಬ ಹಾಕೇನಿ ಸರ,” ಅಂದ.